ಅಪ್ಪ ಕೇಳಿದ್ದು ಎಷ್ಟು ಗುಂಟೆ ಅಂತ

ಬ್ಯಾಂಕಾಕಿನಲ್ಲಿ ಮನೆ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಮಾತು, "ಎಷ್ಟು ಗುಂಟೆ?" ಬೆಲೆ ಕೇಳಲಿಲ್ಲ. ಎಷ್ಟು ರೂಮು ಅಂತಲೂ ಕೇಳಲಿಲ್ಲ. ಸಾಗರದ ಹತ್ತಿರದ ಹಳ್ಳಿಯಲ್ಲಿ ಗದ್ದೆ, ಅಡಿಕೆ ತೋಟ ಅಂತಲೇ ಬದುಕಿದ ಮನುಷ್ಯ. ಅವನಿಗೆ ಆಸ್ತಿ ಅಂದರೆ ನೆಲ. "ಗುಂಟೆ ಲೆಕ್ಕ ಇಲ್ಲಪ್ಪ, ಹನ್ನೊಂದನೇ ಮಹಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಎರಡನೇ ಪ್ರಶ್ನೆ ಬಂತು. "ಹಂಗಾರೆ ಕೆಳಗಿನ ಜಾಗ ಯಾರದ್ದು ಮಾರಾಯ್ತಿ?"

ಆ ದಿನ ಏನೋ ಹೇಳಿ ಮಾತು ಬದಲಿಸಿದೆ. ಆದರೆ ಆ ಎರಡು ಪ್ರಶ್ನೆಗಳು ತಲೆಯಿಂದ ಹೋಗಲೇ ಇಲ್ಲ. ಒಂದು ಸಲ ಕೂತು ಲೆಕ್ಕ ಹಾಕಿದೆ. ನನ್ನ ಮನೆ 34 ಚದರ ಮೀಟರ್. ನಮ್ಮ ಲೆಕ್ಕಕ್ಕೆ 366 ಚದರಡಿ. ಗುಂಟೆ ಅಂದರೆ 1,089 ಚದರಡಿ. ಅಂದರೆ ನಾನು ತಗೊಂಡಿದ್ದು ಗುಂಟೆಯ ಮೂರನೇ ಒಂದು ಪಾಲು. ಅದೂ ಗಾಳಿಯಲ್ಲಿ. ಇಲ್ಲಿ ನೆಲ ಅಳೆಯೋದು ರೈ ಲೆಕ್ಕದಲ್ಲಿ. ಒಂದು ರೈ ಅಂದರೆ 1,600 ಚದರ ಮೀಟರ್, ಹೆಚ್ಚುಕಮ್ಮಿ 16 ಗುಂಟೆ. ರೈನಲ್ಲಿ ನಾಲ್ಕು ಭಾಗ ಮಾಡಿದರೆ ಒಂದು ಙಾನ್. ಅದರೊಳಗೆ ನೂರು ಚದರ ವಾ. ಒಂದು ವಾ ಅಂದರೆ ಎರಡೂ ಕೈ ಚಾಚಿದ ಉದ್ದ, ನಮ್ಮ ಮಾರು ಇದ್ದ ಹಾಗೆ. ಇದನ್ನು ಅಪ್ಪನಿಗೆ ಹೇಳಿದಾಗ ಮಾತ್ರ ಖುಷಿಯಾದ. ಕೈ ಚಾಚಿ ನೆಲ ಅಳೆಯುವ ಜನ ಅಲ್ಲೂ ಇದ್ದಾರೆ ಅನ್ನೋದು ಅವನಿಗೆ ಸಮಾಧಾನ ಕೊಟ್ಟಿತು.

ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಹೊರಗಿನವರು ಈ ದೇಶದಲ್ಲಿ ಮನೆ ಮಾಡೋದು ಹೇಗೆ ಅಂತ ಬೆಂಗಳೂರಿನಿಂದ, ಮೈಸೂರಿನಿಂದ ಯಾರಾದರೂ ಕೇಳ್ತಾನೇ ಇರುತ್ತಾರೆ. ಅವರಿಗೆ ಬೇಕಾದ ಮಾಹಿತಿ ಕೊಡೋದು ಕಷ್ಟ ಅಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಕೊಡೋದು ಕಷ್ಟ. ಎರಡೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ ಅಂತ ಈಗೀಗ ಅನ್ನಿಸುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಲೀಸ್ ಅನ್ನೋ ಪದ

ಕಳೆದ ವರ್ಷ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ವಿದೇಶದ ಆಸ್ತಿ ಮಾರುವವರ ಮೇಳ ಇತ್ತಂತೆ. ಫುಕೆಟ್‌ನಲ್ಲಿ ವಿಲ್ಲಾ, ಮುಂದೆ ಈಜುಕೊಳ, ಹಿಂದೆ ಗುಡ್ಡ. "ಲೀಸ್ ಅಂತೆ ಅಕ್ಕ, 90 ವರ್ಷ. ಸ್ವಂತಕ್ಕಿದ್ದ ಹಾಗೇ ಅಲ್ವಾ?" ಅವನ ದನಿಯಲ್ಲಿ ಖುಷಿ ತುಂಬಿತ್ತು. ಮುಂಗಡ ಕೊಡೋಕೆ ತಯಾರಾಗಿದ್ದ.

ನಮ್ಮ ಜನಕ್ಕೆ ಲೀಸ್ ಅಂದರೆ ಬೇರೆಯದೇ ಚಿತ್ರ ಬರುತ್ತದೆ. ಬೆಂಗಳೂರಿನಲ್ಲಿ ಲೀಸಿಗೆ ಮನೆ ಅಂದರೆ ಹತ್ತೋ ಹದಿನೈದೋ ಲಕ್ಷ ಕೊಟ್ಟು ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ದುಡ್ಡು ವಾಪಸ್ ತಗೊಳ್ಳೋದು. ಭೋಗ್ಯ ಅಂತೀವಲ್ಲ, ಅದು. ಈ ಲೀಸ್ ಹಾಗಲ್ಲ. ಇಲ್ಲಿ ವಿದೇಶಿಯರು ನೆಲ ಕೊಳ್ಳುವ ಹಾಗಿಲ್ಲ, ಅದಕ್ಕೇ ಲೀಸಿನ ಮಾತು. ಕೊಟ್ಟ ದುಡ್ಡು ಹೋಯಿತು. ಅವಧಿ ಮುಗಿದ ದಿನ ಜಾಗ ಮಾಲೀಕನಿಗೆ. ಇದನ್ನು ಅವನಿಗೆ ಬಿಡಿಸಿ ಹೇಳುವಾಗ, ಒಂದೇ ಪದ ಎರಡು ಊರಿನಲ್ಲಿ ಎರಡು ಅರ್ಥ ಕೊಟ್ಟರೆ ಎಷ್ಟು ದುಡ್ಡು ಮುಳುಗಬಹುದು ಅಂತ ಹೆದರಿಕೆ ಆಯಿತು.

ಇನ್ನು ಆ 90ರ ಲೆಕ್ಕ. ಥಾಯ್ ಕಾನೂನಿನಲ್ಲಿ ಇಂಥ ಗುತ್ತಿಗೆಗೆ ಮಿತಿ 30 ವರ್ಷ. 3 ವರ್ಷಕ್ಕಿಂತ ಜಾಸ್ತಿಯದ್ದಾದರೆ ಭೂ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಂದಣಿ ಆಗೋದು ಆ ಮೊದಲ 30 ವರ್ಷ ಮಾತ್ರ. ಉಳಿದ ಎರಡು ಮೂವತ್ತು ಅಂದರೆ "ಮುಂದೆ ಮತ್ತೆ ಬರೆದುಕೊಡುತ್ತೇವೆ" ಅನ್ನೋ ಮಾತು. ಆ ಮಾತು ಕೊಟ್ಟವರು ಜಾಗ ಇನ್ನೊಬ್ಬರಿಗೆ ಮಾರಿದರೆ ಹೊಸ ಮಾಲೀಕ ಅದನ್ನು ಉಳಿಸಿಕೊಳ್ಳಬೇಕು ಅಂತೇನಿಲ್ಲ. ಗುತ್ತಿಗೆಯನ್ನು 99 ವರ್ಷಕ್ಕೆ ಏರಿಸೋಣ ಅನ್ನುವ ಮಾತು ಇಲ್ಲಿನ ಸರ್ಕಾರದಲ್ಲೇ ಬಂದಿತ್ತು. ಅದನ್ನೇ ಹಿಡಿದು ಮಾರುವವರೂ ಇದ್ದಾರೆ. ನನ್ನ ತಮ್ಮನಿಗೆ ಈಗ 42. ಮೂವತ್ತು ವರ್ಷ ಆದಾಗ 72. ಆ ವಯಸ್ಸಿನಲ್ಲಿ ಭಾಷೆ ಬಾರದ ಊರಿನಲ್ಲಿ, ಯಾರೆಂದು ಗೊತ್ತಿಲ್ಲದ ಮಾಲೀಕನ ಮುಂದೆ ಅವನು ಕೈಕಟ್ಟಿ ನಿಲ್ಲೋದನ್ನು ನನಗೆ ಕಲ್ಪಿಸಿಕೊಳ್ಳೋಕೂ ಆಗಲಿಲ್ಲ.

"ಹಾಗಾದರೆ ಇನ್ನೊಂದು ದಾರಿ ಹೇಳಿದ್ರು" ಅಂದ. ಕಂಪನಿ ದಾರಿ. ಇಲ್ಲೊಂದು ಕಂಪನಿ ತೆರೆಯೋದು. ನೂರಕ್ಕೆ 51 ಷೇರು ಥಾಯ್ ಜನರ ಹೆಸರಿನಲ್ಲಿ, 49 ನಮ್ಮದು. ಜಾಗ ಕಂಪನಿ ಹೆಸರಿಗೆ. ಆ ಥಾಯ್ ಷೇರುದಾರರು ಯಾರು ಅಂತ ಕೇಳಿದರೆ, ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ಯಾರೋ. ಬರೀ ಹೆಸರು ಕೊಟ್ಟವರು. ಇದು ಅಪರಾಧ. 1999ರ ವಿದೇಶಿ ವ್ಯವಹಾರ ಕಾನೂನಿನಲ್ಲಿ ಹೀಗೆ ಹೆಸರು ಕೊಟ್ಟವರಿಗೂ, ಕೊಡಿಸಿಕೊಂಡವರಿಗೂ 3 ವರ್ಷದವರೆಗೆ ಜೈಲು, 10 ಲಕ್ಷ ಬಾತ್‌ವರೆಗೆ ದಂಡ ಇದೆ. ಈಚಿನ ವರ್ಷಗಳಲ್ಲಿ ಫುಕೆಟ್, ಸಮುಯಿ, ಫಂಗನ್ ದ್ವೀಪಗಳಲ್ಲಿ ಇಂಥ ಕಂಪನಿಗಳ ತನಿಖೆ ಜೋರಾಗಿ ನಡೆದಿದೆ. ನನ್ನ ಪರಿಚಯದ ಒಬ್ಬರು ಹತ್ತು ವರ್ಷದ ಉಳಿತಾಯ ಇಂಥ ಒಂದು ಜಾಗಕ್ಕೆ ಹಾಕಿ, ಈಗ ಮಾರಲೂ ಆಗದೆ, ನೆಮ್ಮದಿಯಾಗಿ ಇರಲೂ ಆಗದೆ ಒದ್ದಾಡುತ್ತಿದ್ದಾರೆ. ಗೇಟಿನ ಹತ್ತಿರ ಯಾವ ಕಾರು ನಿಂತರೂ ಎದೆ ಹೊಡೆದುಕೊಳ್ಳುತ್ತದೆ ಅಂತಾರೆ.

ತಮ್ಮನಿಗೆ ನಾನು ಹೇಳಿದ್ದು ಇಷ್ಟೇ. ನಿನ್ನ ಸ್ವಂತ ಹೆಸರಿನಲ್ಲಿ ಬರುವುದನ್ನು ಮಾತ್ರ ಕೊಳ್ಳು. ಇಲ್ಲ ಅಂದರೆ ಬಾಡಿಗೆಗೆ ಇರು, ವರ್ಷಕ್ಕೊಮ್ಮೆ ಬಂದು ಸಮುದ್ರ ನೋಡಿಕೊಂಡು ಹೋಗು. ಅವನು ಮುಂಗಡ ಕೊಡಲಿಲ್ಲ. ಆದರೆ ನನ್ನ ಮೇಲೆ ಸ್ವಲ್ಪ ಬೇಸರ ಇನ್ನೂ ಇದೆ ಅಂತ ಕಾಣುತ್ತದೆ.

ಕೆಂಪು ಗರುಡ

ಸ್ವಂತ ಹೆಸರಿನಲ್ಲಿ ಬರೋದು ಅಂದರೆ ಕಾಂಡೋ, ನಮ್ಮ ಅಪಾರ್ಟ್‌ಮೆಂಟಿನ ಮನೆ ಇದ್ದ ಹಾಗೆ. 1979ರ ಕಾಂಡೋ ಕಾನೂನಿನ ಪ್ರಕಾರ ಒಂದು ಕಟ್ಟಡದಲ್ಲಿ ಮಾರಾಟಕ್ಕಿರುವ ಒಟ್ಟು ಅಳತೆಯಲ್ಲಿ ನೂರಕ್ಕೆ 49 ಭಾಗ ವಿದೇಶಿಯರ ಹೆಸರಿನಲ್ಲಿ ಇರಬಹುದು. ಆ ಕೋಟಾ ತುಂಬಿದ್ದರೆ ಮುಗಿಯಿತು. ಇಷ್ಟು ಗೊತ್ತಿದ್ದೂ ನಾನು ಒಂದು ವಿಷಯದಲ್ಲಿ ಸಿಕ್ಕಿಬಿದ್ದೆ. ಇಲ್ಲಿ ದುಡಿದು ಇಲ್ಲಿನ ಬ್ಯಾಂಕಿನಲ್ಲೇ ಉಳಿಸಿದ ಬಾತ್‌ನಿಂದ ಮನೆ ಕೊಳ್ಳುವ ಹಾಗಿಲ್ಲ. ದುಡ್ಡು ಹೊರದೇಶದಿಂದ ವಿದೇಶಿ ಹಣವಾಗಿಯೇ ಬರಬೇಕು, ಇಲ್ಲಿ ಬಂದ ಮೇಲೆ ಬಾತ್ ಆಗಬೇಕು, ಅದಕ್ಕೆ ಬ್ಯಾಂಕು ಪತ್ರ ಕೊಡಬೇಕು. ಆ ಪತ್ರ ಇಲ್ಲದೆ ಭೂ ಕಚೇರಿಯಲ್ಲಿ ಕಡತ ಮುಂದೆ ಹೋಗೋದಿಲ್ಲ. ಹಾಗಾಗಿ ಬ್ಯಾಂಕಾಕಿನಲ್ಲಿ ದುಡಿದ ದುಡ್ಡನ್ನು ಊರಿನ ಬ್ಯಾಂಕಿನಲ್ಲಿದ್ದ ಎನ್ಆರ್‌ಇ ಖಾತೆಗೆ, ಅಂದರೆ ಅನಿವಾಸಿಗಳ ಖಾತೆಗೆ, ಕಳಿಸಿದೆ. ಅಲ್ಲಿಂದ ಡಾಲರ್ ಮಾಡಿಸಿ ಮತ್ತೆ ಇಲ್ಲಿಗೆ ತರಿಸಿದೆ. ಎರಡು ಸಲ ಬದಲಾಯಿಸಿದ್ದರಲ್ಲಿ ಒಂದಿಷ್ಟು ಕರಗಿತು. ಊರಿನ ಬ್ಯಾಂಕಿನವರು ಡಾಲರಿನ ಬದಲು ನೇರ ಬಾತ್‌ನಲ್ಲೇ ಕಳಿಸಲು ಹೊರಟಿದ್ದರು. ಹಾಗೆ ಬಂದಿದ್ದರೆ ಪತ್ರ ಸಿಗುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ತಡೆದೆ.

ಊರಿನಲ್ಲೇ ಇದ್ದು ದುಡ್ಡು ಕಳಿಸುವವರಿಗೆ ಲೆಕ್ಕ ಬೇರೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಆಸ್ತಿಗೆ ಅಂತ ಕಳಿಸಿದರೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ನೂರಕ್ಕೆ 20ರಂತೆ ಬ್ಯಾಂಕು ತೆರಿಗೆ ಹಿಡಿಯುತ್ತದೆ. ಅದು ಆಮೇಲೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆ ಆಗುತ್ತದೆ ನಿಜ, ಆದರೆ ಆ ಹೊತ್ತಿಗೆ ಕೈಯಿಂದ ಕೊಡಬೇಕು. ಆಮೇಲೆ ಪ್ರತಿ ವರ್ಷ ರಿಟರ್ನ್ಸ್‌ನಲ್ಲಿ ವಿದೇಶದ ಆಸ್ತಿ ಅಂತ ತೋರಿಸಬೇಕು. ತೋರಿಸದೆ ಬಿಟ್ಟರೆ ಕಪ್ಪುಹಣದ ಕಾನೂನಿನಲ್ಲಿ ದೊಡ್ಡ ದಂಡ ಬೀಳುತ್ತದೆ. ಮೇಳದಲ್ಲಿ ಮಾರುವವರು ಇದನ್ನು ಹೇಳೋದಿಲ್ಲ. ಇನ್ನೊಂದು ಮಾತನ್ನೂ ಹೇಳೋದಿಲ್ಲ. ಮನೆ ಕೊಂಡ ಮಾತ್ರಕ್ಕೆ ವೀಸಾ ಬರೋದಿಲ್ಲ. ನಾವಿಲ್ಲದಾಗ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡೋಣ ಅಂದುಕೊಂಡರೆ ಅದೂ ತೊಡಕು. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡೋದು 2004ರ ಹೋಟೆಲ್ ಕಾನೂನಿನ ಅಡಿ ಬರುತ್ತದೆ, ಅದಕ್ಕೆ ಲೈಸೆನ್ಸ್ ಬೇಕು.

ಭೂ ಕಚೇರಿಗೆ ಹೋದ ದಿನ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಎಂಟೂವರೆಗೇ ಟೋಕನ್ ತಗೊಂಡು ಕೂತಿದ್ದೆ. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೂಲೆಯಲ್ಲಿ ಫ್ಯಾನು, ಕಡತ ಹಿಡಿದು ಓಡಾಡುವ ಏಜೆಂಟರು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತ ಹಾಗೇ ಇತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಬಟ್ಟೆಯ ಗಂಟಿನಿಂದ ತನ್ನ ಛನೋತ್ ತೆಗೆದು ಮಡಿಲ ಮೇಲೆ ಇಟ್ಟುಕೊಂಡಿದ್ದರು. ಛನೋತ್ ಅಂದರೆ ಇಲ್ಲಿನ ಪಕ್ಕಾ ಹಕ್ಕುಪತ್ರ. ಮೇಲೆ ಕೆಂಪು ಗರುಡನ ಮುದ್ರೆ. ಜಾಗದ ಕಾಗದ ನೋಡುವವರು ಮೊದಲು ನೋಡೋದು ಗರುಡನ ಬಣ್ಣ. ಕೆಂಪು ಗರುಡ ಇದ್ದರೆ ಸರ್ವೆ ಆಗಿ ಕಲ್ಲು ನೆಟ್ಟ ಪೂರ್ತಿ ಹಕ್ಕು. ಹಸಿರು, ಕಪ್ಪು ಗರುಡನ ಕಾಗದಗಳಿಗೆ ಒಂದೊಂದು ಮೆಟ್ಟಿಲು ಕಡಿಮೆ ಬಲ. ಪತ್ರದ ಎರಡು ಪ್ರತಿ ಇರುತ್ತದೆ, ಒಂದು ಮಾಲೀಕನ ಹತ್ತಿರ, ಒಂದು ಕಚೇರಿಯಲ್ಲಿ. ಹಿಂದಿನ ಪುಟದಲ್ಲಿ ಆ ಜಾಗ ಯಾರಿಂದ ಯಾರಿಗೆ ಹೋಯಿತು, ಯಾವಾಗ ಅಡ ಇಟ್ಟರು, ಯಾವಾಗ ಬಿಡಿಸಿಕೊಂಡರು ಅನ್ನೋದೆಲ್ಲ ಸಾಲಾಗಿ ಇರುತ್ತದೆ. ಅಜ್ಜಿ ಆ ಸಾಲುಗಳ ಮೇಲೆ ಬೆರಳಾಡಿಸುತ್ತಾ ಇದ್ದರು. ಅಪ್ಪ ಪಹಣಿ ಓದುವಾಗ ಹೀಗೇ ಬೆರಳಿಡುತ್ತಾನೆ.

ನನ್ನ ಸರದಿ ಬಂತು. ಅಧಿಕಾರಿ ಸುಮಾರು ಐವತ್ತರ ಹೆಂಗಸು. ಬ್ಯಾಂಕಿನ ಪತ್ರ ನೋಡಿದರು. ಮನೆ ವಿದೇಶಿ ಕೋಟಾದಲ್ಲಿದೆ ಅಂತ ಕಟ್ಟಡದವರು ಕೊಟ್ಟ ಪತ್ರ ನೋಡಿದರು. ನಿರ್ವಹಣೆ ಬಾಕಿ ಏನೂ ಇಲ್ಲ ಅನ್ನೋ ಪತ್ರ ನೋಡಿದರು. ಆಮೇಲೆ ತಲೆ ಎತ್ತಿ, ತಂದೆ ಹೆಸರು ಏನು ಅಂತ ಕೇಳಿದರು. ನಾನು ಅದಕ್ಕೆ ತಯಾರಿರಲಿಲ್ಲ. ಹೇಳಿದೆ. ಅಪ್ಪನ ಹೆಸರು ಗ ಅಕ್ಷರದಿಂದ ಶುರುವಾಗುತ್ತದೆ. ಥಾಯ್ ಮಾತಿನಲ್ಲಿ ಗ ಅನ್ನೋ ಸದ್ದೇ ಇಲ್ಲ. ಅವರು ಖ ಹಾಕಿ ಬರೆದರು. ಗಟ್ಟಿಯಾಗಿ ಓದಿ, ಸರಿಯಾ ಅಂತ ನನ್ನ ಮುಖ ನೋಡಿದರು. ಹೂಂ ಅಂದೆ. ಆಮೇಲೆ ಅಮ್ಮನ ಹೆಸರು. ಅಮ್ಮ ತೀರಿಕೊಂಡು ಆರು ವರ್ಷ ಆಗಿತ್ತು. ವಿಮಾನ ಹತ್ತಿದವಳೇ ಅಲ್ಲ. ಅವಳ ಹೆಸರು ಬ್ಯಾಂಕಾಕಿನ ಭೂ ಕಚೇರಿಯ ಅರ್ಜಿಯಲ್ಲಿ ದುಂಡನೆ ಥಾಯ್ ಅಕ್ಷರದಲ್ಲಿ ಕೂತಿತು. ಶುಲ್ಕ ಕಟ್ಟುವ ಕೌಂಟರಿಗೆ ಹೋಗುವ ಮೊದಲು ಎರಡು ನಿಮಿಷ ಹೊರಗೆ ಹೋಗಿ ನಿಂತು ಬಂದೆ.

ಕೈಗೆ ಬಂದ ಪತ್ರದ ಮೇಲೂ ಗರುಡ ಇತ್ತು. ಇಸವಿ 2567 ಅಂತ ಬುದ್ಧನ ಲೆಕ್ಕದಲ್ಲಿ ಬರೆದಿತ್ತು, ನಮ್ಮ 2024. ಮಾಲೀಕತ್ವಕ್ಕೆ ಥಾಯ್ ಭಾಷೆಯಲ್ಲಿ ಕಮ್ಮಸಿತ್ ಅಂತಾರೆ. ಓದೋದು ಹಾಗೆ, ಅಕ್ಷರ ಬಿಡಿಸಿ ನೋಡಿದರೆ ಕರ್ಮ ಮತ್ತು ಸಿದ್ಧಿ. ಬ್ಯಾಂಕಿಗೆ ಥನಾಖಾನ್, ಅಂದರೆ ಧನಾಗಾರ. ಇಂಥ ಪದ ಸಿಕ್ಕಾಗ ನನಗೆ ಊರಿನವರು ಸಿಕ್ಕಷ್ಟು ಸಂತೋಷ. ಆ ದಿನ ರೈಲಿನಲ್ಲಿ ವಾಪಸ್ ಬರುವಾಗ ಕರ್ಮಸಿದ್ಧಿ, ಕರ್ಮಸಿದ್ಧಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಬಂದೆ.

ಮಾರ್ಚ್ 28

2025ರ ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ ಒಂದೂ ಇಪ್ಪತ್ತರ ಹೊತ್ತು. ಮನೆಯಲ್ಲೇ ಕೆಲಸ ಮಾಡುತ್ತಾ ಕೂತಿದ್ದೆ. ತಲೆ ಸುತ್ತಿದ ಹಾಗಾಯಿತು. ಬಿಸಿಲಿಗೆ ಇರಬೇಕು ಅಂದುಕೊಂಡು ನೀರು ಕುಡಿಯಲು ಎದ್ದೆ. ಲೋಟದ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗುತ್ತಿತ್ತು. ಬಾಗಿಲ ಹಿಂದೆ ನೇತು ಹಾಕಿದ್ದ ಚೀಲ ಗೋಡೆಗೆ ಬಡಿಯುತ್ತಿತ್ತು. ಕಟ್ಟಡ ನರಳಿತು. ಬೇರೆ ಪದ ನನಗೆ ಗೊತ್ತಿಲ್ಲ. ಗಾಳಿಗೆ ದೊಡ್ಡ ಮರ ಮಾಡುವ ಸದ್ದು ಸಿಮೆಂಟಿನೊಳಗಿಂದ ಬಂತು.

ಚಪ್ಪಲಿ ಹಾಕದೆ ಹನ್ನೊಂದು ಮಹಡಿ ಇಳಿದೆ. ಮೆಟ್ಟಿಲಿನಲ್ಲಿ ಎಲ್ಲರೂ ಇಳಿಯುತ್ತಿದ್ದರು. ಮಗು ಎತ್ತಿಕೊಂಡ ಜಪಾನಿನ ಹೆಂಗಸು, ಬೆಕ್ಕಿನ ಪಂಜರ ಹಿಡಿದ ಹುಡುಗ. ಯಾರೂ ಕೂಗಲಿಲ್ಲ, ಅದೇ ಜಾಸ್ತಿ ಹೆದರಿಕೆ ಹುಟ್ಟಿಸಿತು. ಕೆಳಗೆ ಬಂದು ಗಲ್ಲಿಯಲ್ಲಿ ನಿಂತು ಮೇಲೆ ನೋಡಿದರೆ ಎದುರಿನ ಎತ್ತರದ ಕಟ್ಟಡದ ಈಜುಕೊಳದಿಂದ ನೀರು ಜಲಪಾತದ ಹಾಗೆ ಸುರಿಯುತ್ತಿತ್ತು. ಮ್ಯಾನ್ಮಾರ್‌ನಲ್ಲಿ 7.7ರ ಭೂಕಂಪ ಆಗಿದೆ, ಇಲ್ಲಿ ಚತುಚಕ್ ಹತ್ತಿರ ಕಟ್ಟುತ್ತಿದ್ದ ದೊಡ್ಡ ಸರ್ಕಾರಿ ಕಟ್ಟಡ ಕುಸಿದಿದೆ, ಕೂಲಿಯವರು ಒಳಗೆ ಸಿಕ್ಕಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಆ ಸಂಜೆ ಒಳಗೆ ಬಿಡುವ ತನಕ ಐದು ಗಂಟೆ ಕಾಲ ಗಲ್ಲಿಯಲ್ಲಿ ಬರಿಗಾಲಿನಲ್ಲಿ ಇದ್ದೆ. ನೆಲ ಬಿಸಿಯಾಗಿತ್ತು. ಕಾಲು ಎತ್ತಿ ಎತ್ತಿ ಇಡುತ್ತಾ ಅಪ್ಪನ ಎರಡನೇ ಪ್ರಶ್ನೆ ನೆನಪಾಯಿತು. ಕೆಳಗಿನ ಜಾಗ ಯಾರದ್ದು? ಕಾನೂನಿನಲ್ಲಿ ಉತ್ತರ ಇದೆ. ಕಟ್ಟಡದ ಕೆಳಗಿನ ನೆಲ ಎಲ್ಲ ಮನೆಯವರದ್ದೂ ಸೇರಿ. ನನ್ನ ಪತ್ರದಲ್ಲೇ ನನ್ನ ಪಾಲು ಎಷ್ಟು ಅಂತ ಅಂಕಿಯಲ್ಲಿ ಬರೆದಿದೆ. ಆದರೆ ಅದನ್ನು ಬೇರೆ ಮಾಡಿ ಮಾರುವ ಹಾಗಿಲ್ಲ, ಬೇಲಿ ಹಾಕುವ ಹಾಗಿಲ್ಲ, ಒಂದು ಬಾಳೆ ಗಿಡ ನೆಡುವ ಹಾಗಿಲ್ಲ. ಕಟ್ಟಡ ಬಿದ್ದರೆ ಏನು ಉಳಿಯುತ್ತದೆ? ನಮ್ಮೂರಿನಲ್ಲಿ 2019ರ ಮಳೆಗೆ ಪಕ್ಕದ ಮನೆಯ ಹಿಂಬದಿ ಗೋಡೆ ಕುಸಿದಿತ್ತು. ಮಾರನೇ ದಿನ ಅವರು ಅದೇ ಅಂಗಳದಲ್ಲಿ ಸೋಗೆ ಹೊದೆಸಿ ಒಲೆ ಹೂಡಿದ್ದರು. ನೆಲ ಇತ್ತಲ್ಲ.

ಮನೆಯೊಳಗೆ ಹೋದರೆ ಮಲಗುವ ಕೋಣೆಯ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು. ಬೆರಳಿನ ಉಗುರು ಹೋಗುವಷ್ಟು. ಎಂಜಿನಿಯರ್ ಬಂದು ಟಾರ್ಚ್ ಹಾಕಿ ನೋಡಿ, ಕಂಬ ಗಟ್ಟಿ ಇದೆ, ಇದು ಗಾರೆ ಬಿರುಕು ಅಂದರು. ಕಂಬ, ತೊಲೆ, ಹೊರಗೋಡೆ ಎಲ್ಲರ ಖರ್ಚು. ಒಳಗಿನ ಗಾರೆ, ಟೈಲ್ಸು ನನ್ನ ಖರ್ಚು. ಕಟ್ಟಡದ ವಿಮೆ ಬೇರೆ, ಮನೆಯೊಳಗಿನ ವಿಮೆ ಬೇರೆ. ಕೊಳ್ಳುವ ಮೊದಲು ನೋಡಬೇಕಾದ ಕಾಗದ ಇದೇ ನೋಡಿ. ಆ ಕಟ್ಟಡದ ಸಂಘದ ಲೆಕ್ಕಪತ್ರ, ಕೂಡಿಟ್ಟ ನಿಧಿ ಎಷ್ಟಿದೆ, ವಿಮೆ ಎಷ್ಟಕ್ಕಿದೆ. ಬಾಲ್ಕನಿಯಿಂದ ಕಾಣುವ ನೋಟ ಎಲ್ಲರೂ ನೋಡುತ್ತಾರೆ. ನಾನೂ ಅದನ್ನೇ ನೋಡಿದ್ದೆ. ನಮ್ಮ ಕಟ್ಟಡದಲ್ಲಿ ನಿಧಿ ಚೆನ್ನಾಗಿತ್ತು, ಅದು ನನ್ನ ಪುಣ್ಯ.

ಪಕ್ಕದ ತೋಟ

ವಿದೇಶಿಯರಿಗೆ ನೆಲ ಕೊಡದ ಈ ಕಾನೂನು ಸರಿಯಾ ಅಂತ ಇಲ್ಲಿರುವ ನಮ್ಮಂಥವರು ಸೇರಿದಾಗ ಮಾತು ಬರುತ್ತದೆ. ತೆರಿಗೆ ಕಟ್ಟುತ್ತೇವೆ, ಭಾಷೆ ಕಲಿತಿದ್ದೇವೆ, ಆದರೂ ಒಂದು ಚದರ ವಾ ಕೊಳ್ಳುವ ಹಾಗಿಲ್ಲ ಅಂತ ಬೇಸರ. 2022ರ ಅಕ್ಟೋಬರಿನಲ್ಲಿ ಇಲ್ಲಿನ ಸರ್ಕಾರ, 4 ಕೋಟಿ ಬಾತ್ ಹೂಡುವ ಕೆಲವು ಬಗೆಯ ವಿದೇಶಿಯರಿಗೆ ಮನೆಗೆ ಅಂತ ಒಂದು ರೈ ನೆಲ ಕೊಡುವ ನಿಯಮ ಸಡಿಲ ಮಾಡಲು ಹೊರಟಿತ್ತು. ನೆಲ ಮಾರುತ್ತಿದ್ದಾರೆ ಅಂತ ಜನ ಎದ್ದರು. ಮುಂದಿನ ತಿಂಗಳೇ ಸರ್ಕಾರ ಅದನ್ನು ಹಿಂದೆ ತಗೊಂಡಿತು. ಆ ದಿನಗಳಲ್ಲಿ ನಾನು ದಿನಾ ಊಟ ಮಾಡುವ ಅಂಗಡಿಯ ಅಕ್ಕ ಹೇಳಿದ ಮಾತು ನೆನಪಿದೆ. "ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ನಿನ್ನ ಹಿಂದೆ ದೊಡ್ಡ ದುಡ್ಡಿನವರು ಬರುತ್ತಾರೆ. ಆಗ ನನ್ನ ಮಗ ಎಲ್ಲಿ ಹೋಗಬೇಕು?"

ನನಗೆ ಸಿಟ್ಟು ಬರಲಿಲ್ಲ. ನಮ್ಮ ಅಜ್ಜ ಗೇಣಿ ಮಾಡುತ್ತಿದ್ದವರು. ಕಾಗೋಡು ನಮ್ಮ ತಾಲ್ಲೂಕಿನದ್ದೇ. 1951ರಲ್ಲಿ ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ಅಲ್ಲಿ ಏನೆಲ್ಲ ಆಯಿತು ಅನ್ನೋದನ್ನು ಅಜ್ಜನ ಬಾಯಲ್ಲೇ ಕೇಳುತ್ತಾ ಬೆಳೆದೆ. ಅರಸು ಕಾಲದ 1974ರ ಕಾನೂನು ಬಂದ ಮೇಲೆ ಅಜ್ಜ ಏಳನೇ ನಮೂನೆಯ ಅರ್ಜಿ ಹಾಕಿ, ನ್ಯಾಯಮಂಡಳಿಗೆ ಅಲೆದು, ಉತ್ತ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಕೊಂಡರು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಅನ್ನುವ ಕಾನೂನು ನಮ್ಮಲ್ಲೂ 2020ರ ತನಕ ಇತ್ತು. ಅದನ್ನು ತೆಗೆದಾಗ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಇನ್ನು ಬೆಂಗಳೂರಿನವರು ಬರ್ತಾರೆ" ಅಂದಿದ್ದ. ಅಂಗಡಿಯ ಅಕ್ಕ ಹೇಳಿದ್ದೂ ಅದನ್ನೇ. ಹಾಗಾಗಿ ಥಾಯ್ ಜನ ತಮ್ಮ ನೆಲ ಕಾಯೋದು ನನಗೆ ಅರ್ಥ ಆಗುತ್ತದೆ. ಬೇರೆಯವರ ಹೆಸರಿನಲ್ಲಿ ಕಂಪನಿ ಮಾಡಿ ಒಳಗೆ ನುಗ್ಗೋದು ಆ ಅಕ್ಕನ ಮಗನ ಪಾಲಿಗೆ ಕೈ ಹಾಕಿದ ಹಾಗೆ ಅನ್ನಿಸುತ್ತದೆ.

ಆದರೆ ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಅಪ್ಪ ಗುಂಟೆ ಕೇಳಿದ್ದರ ಹಿಂದೆ ಒಂದು ಕಾರಣ ಇತ್ತು. ನಮ್ಮ ಪಕ್ಕದ ತೋಟ ಮಾರಾಟಕ್ಕೆ ಬಂದಿತ್ತು. ಅವರ ಮಕ್ಕಳು ಬೆಂಗಳೂರು ಸೇರಿ ತೋಟ ನೋಡಿಕೊಳ್ಳುವವರು ಇಲ್ಲ. "ಅಲ್ಲಿ ಆಕಾಶದಾಗೆ ದುಡ್ಡು ಹಾಕೋ ಬದಲು ಇಲ್ಲಿ ಹಾಕು" ಅನ್ನೋದು ಅಪ್ಪನ ಮನಸ್ಸು. ನಾನೂ ಆಸೆಯಿಂದ ವಿಚಾರಿಸಿದೆ. ಆಗ ಗೊತ್ತಾಯಿತು, ಅದೂ ಆಗೋದಿಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರು ಊರಿನಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಭೂಮಿ, ತೋಟ, ತೋಟದ ಮನೆ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಸರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನನಗೂ ಇದೇ ನಿಯಮ, ಅಮೆರಿಕದ ಪೌರತ್ವ ತಗೊಂಡು ಓಸಿಐ ಕಾರ್ಡ್ ಹಿಡಿದವರಿಗೂ ಇದೇ. ಬ್ಯಾಂಕಾಕಿನಲ್ಲಿ ನೆಲ ಇಲ್ಲ ಅನ್ನೋದನ್ನು ಒಪ್ಪಿಕೊಂಡಿದ್ದೆ. ಬೇಲಿಯಾಚೆ ಬಾಲ್ಯವೆಲ್ಲ ಗೋಟಡಿಕೆ ಹೆಕ್ಕಿದ ತೋಟವೂ ಇಲ್ಲ ಅಂದಾಗ ಬಹಳ ನೋವಾಯಿತು.

ಇದನ್ನು ಹೇಳಿದಾಗ ಅಪ್ಪ ತಡ ಮಾಡಲಿಲ್ಲ. "ನಿನ್ನ ಹೆಸರು ಯಾಕೆ? ದುಡ್ಡು ನೀನು ಕೊಡು, ನನ್ನ ಹೆಸರಿಗೆ ಮಾಡಿಸ್ತೀನಿ. ನನ್ನ ನಂತರ ನಿಂಗೇ ಬರೋದು." ಎಷ್ಟು ಸರಳ! ಮಗಳು ಅಪ್ಪನಿಗೆ ದುಡ್ಡು ಕೊಡೋದು ತಪ್ಪಲ್ಲ. ಅಪ್ಪ ತೋಟ ಕೊಳ್ಳೋದೂ ತಪ್ಪಲ್ಲ. ನಿಜವಾಗಿ ಅದು ಅವನದ್ದೇ ಆದರೆ, ಅವನು ಯಾರಿಗೆ ಬೇಕಾದರೂ ಬರೆದುಕೊಡುವ ಹಾಗಿದ್ದರೆ, ಕಾನೂನಿಗೂ ಮನಸ್ಸಿಗೂ ತೊಂದರೆ ಇಲ್ಲ. ಆದರೆ ಒಳಗೊಳಗೆ ಅದು ನನ್ನದು, ಅಪ್ಪ ಬರೀ ಹೆಸರು ಕೊಟ್ಟವನು ಅಂತ ನಾನು ಅಂದುಕೊಂಡರೆ? ಆಗ ಅದು ಬೇನಾಮಿ. ಫುಕೆಟ್‌ನ ವಕೀಲರ ಆಫೀಸಿನ ಹುಡುಗನ ಜಾಗದಲ್ಲಿ ಅಪ್ಪ ನಿಂತ ಹಾಗೆ. ತಮ್ಮನಿಗೆ ಅಷ್ಟು ಖಡಕ್ಕಾಗಿ ಬುದ್ಧಿ ಹೇಳಿದವಳು ನಾನೇ ಅಲ್ವಾ? ತಿಂಗಳುಗಟ್ಟಲೆ ಇದನ್ನೇ ಯೋಚಿಸಿದೆ. ಅಪ್ಪನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಅಪ್ಪ ಬಂದ

ಅಡಿಕೆ ಕೊಯ್ಲು ಶುರುವಾಗುವ ಮೊದಲು, ಅಕ್ಟೋಬರಿನಲ್ಲಿ, ಅಪ್ಪ ಬ್ಯಾಂಕಾಕಿಗೆ ಬಂದ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕು ಗಂಟೆಯ ದಾರಿ. 2025ರ ಮೇ ತಿಂಗಳಿನಿಂದ ಇಲ್ಲಿಗೆ ಬರುವ ವಿದೇಶಿಯರೆಲ್ಲ ಆನ್‌ಲೈನಿನಲ್ಲಿ ಒಂದು ಕಾರ್ಡ್ ತುಂಬಬೇಕು. ಬಂದಿಳಿಯುವ ಮೊದಲಿನ ಮೂರು ದಿನದೊಳಗೆ. ಅದಕ್ಕೆ ದುಡ್ಡಿಲ್ಲ, ಆದರೆ ದುಡ್ಡು ಕೇಳುವ ನಕಲಿ ಜಾಲತಾಣಗಳಿವೆ, ಹುಷಾರಾಗಿರಬೇಕು. 2024ರ ಜುಲೈಯಿಂದ ಭಾರತೀಯರನ್ನು 60 ದಿನ ವೀಸಾ ಇಲ್ಲದೆ ಬಿಡುತ್ತಿದ್ದರು. ಇಂಥ ನಿಯಮ ಬದಲಾಗುತ್ತಾ ಇರುತ್ತವೆ, ಟಿಕೆಟ್ ಮಾಡುವ ಮೊದಲು ನೋಡಿಕೊಳ್ಳಿ. ವಯಸ್ಸಾದವರನ್ನು ಕರೆಸುವವರು ಪ್ರವಾಸದ ಆರೋಗ್ಯ ವಿಮೆ ಮಾಡಿಸದೆ ಕರೆಸಬೇಡಿ. ಇಲ್ಲಿನ ಖಾಸಗಿ ಆಸ್ಪತ್ರೆ ಚೆನ್ನಾಗಿವೆ, ಬಿಲ್ಲೂ ದೊಡ್ಡದು.

ಬಂದ ದಿನವೇ ಜೋರು ಮಳೆ. ಗಲ್ಲಿಯಲ್ಲಿ ಮೊಣಕಾಲಿನ ತನಕ ನೀರು. ಅಪ್ಪ ಪಂಚೆ ಎತ್ತಿ ಕಟ್ಟಿ, ನೀರು ಯಾವ ಕಡೆಗೆ ಹರಿಯುತ್ತಿದೆ ಅಂತ ನೋಡುತ್ತಾ ನಡೆದ. ಅಂಗಡಿಗಳ ಬಾಗಿಲಿಗೆ ಕಟ್ಟಿದ ಗಾರೆಯ ಅಡ್ಡಗಟ್ಟೆ ನೋಡಿ, ಇದು ಎಷ್ಟು ವರ್ಷದ್ದು ಅಂತ ಕೇಳಿದ. 2011ರ ದೊಡ್ಡ ಪ್ರವಾಹದ ಕಥೆ ಹೇಳಿದೆ, ಆಗ ಡಾನ್ ಮುವಾಂಗ್ ವಿಮಾನ ನಿಲ್ದಾಣವೇ ಮುಳುಗಿತ್ತು. "ಗದ್ದೆ ಜಾಗ ಇದು. ಗದ್ದೆ ಮೇಲೆ ಊರು ಕಟ್ಟಿದ್ದಾರೆ" ಅಂದ. ಒಂಬತ್ತು ವರ್ಷದಲ್ಲಿ ನಾನು ಗಮನಿಸಿರಲಿಲ್ಲ. ನಿಜವಾಗಿಯೂ ನಮ್ಮ ಈ ಭಾಗ ಮೊದಲು ಗದ್ದೆ, ಕಾಲುವೆ.

ನಮ್ಮ ಕಟ್ಟಡದ ಮುಂದಿನ ಮೂಲೆಯಲ್ಲಿ ಕಂಬದ ಮೇಲೊಂದು ಪುಟ್ಟ ಗುಡಿ ಇದೆ. ಇಲ್ಲಿ ಯಾವ ಕಟ್ಟಡ ಕಟ್ಟಿದರೂ ಆ ಜಾಗದ ದೇವರಿಗೆ ಅಂತ ಇಂಥ ಒಂದು ಗುಡಿ ಇಡುತ್ತಾರೆ. ಫ್ರಾ ಫೂಮ್ ಅಂತ ಹೆಸರು. ಫೂಮ್ ಅಂದರೆ ಭೂಮಿಯೇ. ಮನೆಯ ನೆರಳು ಆ ಗುಡಿ ಮೇಲೆ ಬೀಳಬಾರದು ಅಂತ ನಂಬಿಕೆ. ಮುಂದೆ ಮಲ್ಲಿಗೆ ಮಾಲೆ, ಸ್ಟ್ರಾ ಹಾಕಿದ ಕೆಂಪು ಫ್ಯಾಂಟಾ ಬಾಟಲಿ. ಅಪ್ಪ ಬಹಳ ಹೊತ್ತು ನಿಂತು ನೋಡಿದ. "ನಮ್ಮ ತೋಟದ ಚೌಡಿ ಇದ್ದ ಹಾಗೆ" ಅಂದ. ಜೇಬಿಗೆ ಕೈ ಹಾಕಿ ಒಂದು ಅಡಿಕೆ ಹೋಳು ತೆಗೆದು ಬಾಟಲಿಯ ಪಕ್ಕ ಇಟ್ಟ. ಗುಡಿಯ ಮುಂದೆ ಎಲೆ ಅಡಿಕೆ ಇಡೋದು ಇಲ್ಲಿನವರ ಹಳೆಯ ಪದ್ಧತಿ ಅಂತ ಅವನಿಗೆ ಗೊತ್ತಿರಲಿಲ್ಲ. ಕಾವಲುಗಾರ ನೋಡಿ, "ಮಾಕ್!" ಅಂದ. ಅಡಿಕೆಗೆ ಥಾಯ್ ಹೆಸರು. ಅವನ ಅಜ್ಜಿಯೂ ಎಲೆ ಅಡಿಕೆ ಹಾಕುತ್ತಿದ್ದರಂತೆ.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ವಿದೇಶಿಯರು ಮನೆಗೆ ಬಂದು ತಂಗಿದರೆ 24 ಗಂಟೆಯೊಳಗೆ ಮನೆಯ ಮಾಲೀಕರು ವಲಸೆ ಇಲಾಖೆಗೆ ತಿಳಿಸಬೇಕು. ಟಿಎಂ 30 ಅಂತಾರೆ. ಬಾಡಿಗೆ ಮನೆಯಲ್ಲಿದ್ದಾಗ ನನ್ನ ಹೆಸರನ್ನು ಮಾಲೀಕರು ತುಂಬುತ್ತಿದ್ದರು. ಮಾಲೀಕರು ಅನ್ನೋ ಜಾಗದಲ್ಲಿ ನನ್ನ ಹೆಸರು ಬರೆದೆ. ವಿದೇಶಿ ಅನ್ನೋ ಜಾಗದಲ್ಲಿ ಅಪ್ಪನ ಹೆಸರು. ನಂಬರ್ ಬೇಕಿತ್ತು, ಪಾಸ್‌ಪೋರ್ಟ್ ಕೊಡು ಅಂದೆ. ಅವನು ಬ್ಯಾಗಿನ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಪಾಸ್‌ಪೋರ್ಟಿನ ಜೊತೆ ನಾಲ್ಕಾಗಿ ಮಡಚಿದ ಒಂದು ಕಾಗದವೂ ಬಂತು. ಪಕ್ಕದ ತೋಟದ ಪಹಣಿ.

"ಸುಮ್ನೆ ತಂದೆ. ನೋಡು ಒಂದ್ಸಲ" ಅಂದ.

ಮೇಜಿನ ಮೇಲೆ ಬಿಡಿಸಿ ಇಟ್ಟೆ. ಮಡಿಕೆಯ ಗೆರೆಗಳು ಬಿಳಿಯಾಗಿದ್ದವು, ಎಷ್ಟೋ ಸಲ ತೆಗೆದು ನೋಡಿದ್ದಾನೆ. ಅಪ್ಪ ಪಕ್ಕಕ್ಕೆ ಬಂದು ಕನ್ನಡಕ ಹಾಕಿಕೊಂಡು ವಿಸ್ತೀರ್ಣದ ಕಲಮಿನ ಮೇಲೆ ಬೆರಳಿಟ್ಟ. ಇಪ್ಪತ್ತೆರಡು ಗುಂಟೆ.